ಹಳೆಯ ಲ್ಯಾಪ್‌ಟಾಪಿಗೆ ಹೊಸ ಕಾರ್ಯಾಚರಣಾ ವ್ಯವಸ್ಥೆ: ದಾಖಲೆಗಳನ್ನು ಕಳೆದುಕೊಳ್ಳದೆ ಅಳವಡಿಸುವ ಕ್ರಮ

ರೈತ ಉತ್ಪಾದಕರ ಸಂಸ್ಥೆಗಳು, ಹಾಲು ಉತ್ಪಾದಕರ ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು ಹಾಗೂ ಅನೇಕ ರೈತ ಕುಟುಂಬಗಳಲ್ಲಿ ಹತ್ತು-ಹದಿನೈದು ವರ್ಷಗಳ ಹಿಂದೆ ಖರೀದಿಸಿದ ಲ್ಯಾಪ್‌ಟಾಪ್‌ಗಳು ಇಂದಿಗೂ ಇವೆ. ಕೆಲವು ನಿಧಾನವಾಗಿಯಾದರೂ ಕೆಲಸ ಮಾಡುತ್ತಿವೆ. ಹಲವು ಬೀರುವಿನ ಮೇಲೆ ಧೂಳು ಹಿಡಿದು ಕುಳಿತಿವೆ. ಇವುಗಳಲ್ಲಿ ಬಹುಪಾಲಿನಲ್ಲಿರುವುದು ವಿಂಡೋಸ್ 7 ಅಥವಾ ವಿಂಡೋಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಅಳವಡಿಸೋಣವೆಂದರೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು; ಹಳೆಯ ಯಂತ್ರಗಳಲ್ಲಿ ಇವೆಲ್ಲವೂ ಒಟ್ಟಿಗೆ ಇರುವುದಿಲ್ಲ.

ಇಂತಹ ಯಂತ್ರಗಳಿಗೆ ಲಿನಕ್ಸ್ ಆಧಾರಿತ ಉಚಿತ ವ್ಯವಸ್ಥೆಯನ್ನು ಅಳವಡಿಸಿ ಇನ್ನೂ ಕೆಲವು ವರ್ಷ ಉಪಯೋಗಿಸಬಹುದು. ಅಳವಡಿಸುವ ಕೆಲಸ ಇಂದು ಕಷ್ಟದ್ದಲ್ಲ. ಕಷ್ಟವಿರುವುದು ಎರಡು ಕಡೆ. ಮೊದಲನೆಯದಾಗಿ, ಹೊಸ ವ್ಯವಸ್ಥೆ ಯಂತ್ರದೊಳಗೆ ಹೋಗಲು ದಾರಿಯೇ ಇರುವುದಿಲ್ಲ: ಸಿ.ಡಿ. ಡ್ರೈವ್ ಕೆಟ್ಟಿರುತ್ತದೆ, ಪೆನ್‌ಡ್ರೈವ್‌ನಿಂದ ಯಂತ್ರ ಆರಂಭವಾಗುವುದಿಲ್ಲ. ಎರಡನೆಯದಾಗಿ, ಹೊಸ ವ್ಯವಸ್ಥೆ ಕೂರಬೇಕಾದ ಡಿಸ್ಕ್ ಮತ್ತು ಹಳೆಯ ದಾಖಲೆಗಳಿರುವ ಡಿಸ್ಕ್ ಎರಡೂ ಒಂದೇ ಆಗಿರುತ್ತವೆ. ಈ ಲೇಖನದಲ್ಲಿ ಹೆಚ್ಚಿನ ಗಮನವನ್ನು ಈ ಎರಡು ವಿಷಯಗಳಿಗೆ ನೀಡಲಾಗಿದೆ.

ಒಂದೇ ಡಿಸ್ಕ್, ಎರಡು ಹೆಸರು

ಅಡಿಕೆ ಬೆಳೆಗಾರರೊಬ್ಬರು ತಮ್ಮ ತೋಟದ ಮಳೆಯ ಪ್ರಮಾಣ, ಔಷಧಿ ಸಿಂಪಡಣೆಯ ದಿನಾಂಕ ಹಾಗೂ ಇಳುವರಿಯನ್ನು ಹದಿನಾಲ್ಕು ವರ್ಷಗಳ ಕಾಲ ಲ್ಯಾಪ್‌ಟಾಪಿನಲ್ಲಿ ದಾಖಲಿಸಿದ್ದರು. ಯಂತ್ರ ನಿಧಾನವಾಯಿತೆಂದು ದುರಸ್ತಿ ಅಂಗಡಿಗೆ ಕೊಟ್ಟಾಗ "ದಾಖಲೆ ಎಲ್ಲಿದೆ?" ಎಂದು ಕೇಳಿದರು. "ಡಿ ಡ್ರೈವ್‌ನಲ್ಲಿದೆ" ಎಂದರು ಇವರು. "ಹಾಗಾದರೆ ಏನೂ ಆಗುವುದಿಲ್ಲ ಬಿಡಿ" ಎಂಬ ಉತ್ತರ ಬಂತು. ಸಂಜೆ ಯಂತ್ರ ಹೊಸದರಂತೆ ಓಡುತ್ತಿತ್ತು. ಡಿ ಡ್ರೈವ್ ಮಾತ್ರ ಇರಲಿಲ್ಲ.

ಇಲ್ಲಿ ಆದ ತಪ್ಪನ್ನು ಅರ್ಥ ಮಾಡಿಕೊಳ್ಳುವುದು ಅಗತ್ಯ. ಸಿ ಡ್ರೈವ್, ಡಿ ಡ್ರೈವ್ ಎಂದು ಪರದೆಯ ಮೇಲೆ ಕಾಣುವುದು ಎರಡು ಪ್ರತ್ಯೇಕ ಡಿಸ್ಕ್‌ಗಳಲ್ಲ. ಒಂದೇ ಸರ್ವೆ ನಂಬರಿನ ಜಮೀನಿಗೆ ನಡುವೆ ಬದು ಹಾಕಿ ಎರಡು ತಾಕು ಮಾಡಿದಂತೆ, ಒಂದೇ ಹಾರ್ಡ್‌ಡಿಸ್ಕನ್ನು ಎರಡು ಭಾಗ ಮಾಡಿರುತ್ತಾರೆ. ಸಿ ಭಾಗವನ್ನಷ್ಟೇ ಅಳಿಸಿದರೆ ಡಿ ಭಾಗ ಉಳಿಯುವುದು ನಿಜ. ಆದರೆ ಅಳವಡಿಕೆಯ ಸಮಯದಲ್ಲಿ "ಇಡೀ ಡಿಸ್ಕನ್ನು ಅಳಿಸಿ ಅಳವಡಿಸು" ಎಂಬ ಆಯ್ಕೆ ಕಾಣಿಸುತ್ತದೆ. ಅದನ್ನು ಒತ್ತಿದರೆ ಬದುವೂ ಸೇರಿ ಇಡೀ ಜಮೀನನ್ನು ಉಳುಮೆ ಮಾಡಿದಂತೆಯೇ ಸರಿ. ಆದ್ದರಿಂದ ದಾಖಲೆಗಳು ಆ ಲ್ಯಾಪ್‌ಟಾಪಿನ ಹೊರಗೆ, ಬೇರೊಂದು ಸಾಧನದಲ್ಲಿ ಇರುವವರೆಗೆ ಅಳವಡಿಕೆಯ ಕೆಲಸ ಪ್ರಾರಂಭಿಸಬಾರದು.

ಯಾವ ಯಂತ್ರಕ್ಕೆ ಕೈ ಹಾಕಬಾರದು

ಹಾಲಿನ ಕೊಬ್ಬಿನಂಶ ಅಳೆಯುವ ಉಪಕರಣ, ವಿದ್ಯುನ್ಮಾನ ತೂಕದ ಯಂತ್ರ ಮುಂತಾದವುಗಳಿಗೆ ಜೋಡಿಸಿರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ಗೆಂದೇ ಬರೆದ ತಂತ್ರಾಂಶವಿರುತ್ತದೆ. ಅದು ಲಿನಕ್ಸ್‌ನಲ್ಲಿ ನಡೆಯುತ್ತದೆಂದು ನಂಬಿ ಮುಂದುವರಿಯಬಾರದು. ಸಂಸ್ಥೆಯ ಲೆಕ್ಕಪತ್ರ ಟ್ಯಾಲಿಯಲ್ಲಿದ್ದರೂ ಇದೇ ಮಾತು ಅನ್ವಯಿಸುತ್ತದೆ. ತೆರಿಗೆ ವಿವರ ಸಲ್ಲಿಸಲು ಉಪಯೋಗಿಸುವ ಡಿಜಿಟಲ್ ಸಹಿಯ ಟೋಕನ್ ಲಿನಕ್ಸ್‌ನಲ್ಲಿ ಕೆಲಸ ಮಾಡುವುದೇ ಎಂಬುದನ್ನು ಅದನ್ನು ಒದಗಿಸಿದವರಿಂದ ಮೊದಲೇ ತಿಳಿದುಕೊಳ್ಳಿ. ಇಂತಹ ಯಂತ್ರವನ್ನು ಅಂತರಜಾಲದಿಂದ ದೂರವಿರಿಸಿ, ಆ ಒಂದು ಕೆಲಸಕ್ಕಷ್ಟೇ ಮೀಸಲಿಡುವುದು ಜಾಣತನ.

ಬ್ಯಾಟರಿ ಊದಿಕೊಂಡು ಕೀಲಿಮಣೆ ಅಥವಾ ತಳದ ಮುಚ್ಚಳ ಮೇಲೆದ್ದಿದ್ದರೆ ಯಂತ್ರವನ್ನು ಚಾಲನೆ ಮಾಡಬೇಡಿ. ಊದಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಕಾರಣವಾಗಬಲ್ಲದು. ಹೊರತೆಗೆಯಬಹುದಾದ ಬ್ಯಾಟರಿಯಾದರೆ ಎಚ್ಚರಿಕೆಯಿಂದ ತೆಗೆದು, ನೇರ ವಿದ್ಯುತ್ತಿನಿಂದಲೇ ಯಂತ್ರ ನಡೆಸಬಹುದು. ಒಳಗೆ ಕೂಡಿಸಿದ ಬ್ಯಾಟರಿಯಾದರೆ ತಿಳಿದವರಿಂದ ತೆಗೆಸಿ.

ಯಂತ್ರದ ಶಕ್ತಿಯನ್ನು ತಿಳಿಯುವುದು

ವಿಂಡೋಸ್ ಇನ್ನೂ ಆರಂಭವಾಗುತ್ತಿದ್ದರೆ "ಮೈ ಕಂಪ್ಯೂಟರ್" ಚಿತ್ರದ ಮೇಲೆ ಬಲಗುಂಡಿ ಒತ್ತಿ "ಪ್ರಾಪರ್ಟೀಸ್" ಆರಿಸಿ. ಅಲ್ಲಿ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಎಂಬ ವಿವರ ಸಿಗುತ್ತದೆ. ವ್ಯವಸ್ಥೆ 32 ಬಿಟ್ ಎಂದು ತೋರಿಸಿದ ಮಾತ್ರಕ್ಕೆ ಪ್ರೊಸೆಸರ್ ಕೂಡ 32 ಬಿಟ್ ಎಂದು ತಿಳಿಯಬಾರದು. 64 ಬಿಟ್ ಪ್ರೊಸೆಸರಿನ ಮೇಲೆ 32 ಬಿಟ್ ವಿಂಡೋಸ್ ಹಾಕಿ ಮಾರಿದ ಯಂತ್ರಗಳು ಬಹಳ ಇವೆ. ಇಂಟೆಲ್‌ನ ಕೋರ್ 2 ಡ್ಯುಯೊ ಪ್ರೊಸೆಸರ್‌ಗಳು 64 ಬಿಟ್‌ನವು. ಅದಕ್ಕೂ ಹಿಂದಿನ ಪೆಂಟಿಯಮ್ ಎಂ ಮತ್ತು ಮೊದಲ ಕೋರ್ ಡ್ಯುಯೊ, ಹಾಗೆಯೇ ಪುಟ್ಟ ನೆಟ್‌ಬುಕ್‌ಗಳಲ್ಲಿ ಬಂದ ಆಟಮ್ ಎನ್270 ಇವು 32 ಬಿಟ್‌ನವು.

64 ಬಿಟ್ ಪ್ರೊಸೆಸರ್ ಮತ್ತು 4 ಜಿಬಿ ರ‍್ಯಾಮ್ ಇದ್ದಲ್ಲಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸೂಕ್ತ. ವಿಂಡೋಸ್ ಬಳಸಿದವರಿಗೆ ಅದರ ಪರದೆ ಅಪರಿಚಿತವೆನಿಸುವುದಿಲ್ಲ. 2 ಜಿಬಿಯಲ್ಲೂ ಅದು ನಡೆಯುತ್ತದೆ. ಆದರೆ ಅಂತರಜಾಲದ ನಾಲ್ಕಾರು ಪುಟಗಳನ್ನು ಒಟ್ಟಿಗೆ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. 1 ಜಿಬಿ ಅಥವಾ ಅದಕ್ಕೂ ಕಡಿಮೆ ರ‍್ಯಾಮ್ ಇದ್ದರೆ, ಅಥವಾ ಪ್ರೊಸೆಸರ್ 32 ಬಿಟ್‌ನದಾಗಿದ್ದರೆ ಆಂಟಿಎಕ್ಸ್ 23 ಎಂಬ ಹಗುರ ವ್ಯವಸ್ಥೆಯನ್ನು ಆರಿಸಬಹುದು. ಇದು ಡೆಬಿಯನ್ 12ನ್ನು ಆಧರಿಸಿದ್ದು, 512 ಎಂಬಿ ರ‍್ಯಾಮ್‌ನಲ್ಲಿಯೂ ಆರಂಭವಾಗುತ್ತದೆ.

32 ಬಿಟ್ ಯಂತ್ರ ಹೊಂದಿರುವವರು ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕಾಗುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಲ್ಯಾಪ್‌ಟಾಪ್‌ಗಳಿಗೆ ಅಳವಡಿಕೆಯ ಕಡತವಿಲ್ಲ. ಕ್ರೋಮ್ ಬ್ರೌಸರ್ 32 ಬಿಟ್ ಲಿನಕ್ಸ್‌ಗೆ 2016ರಲ್ಲಿಯೇ ನಿಂತಿತು. ಫೈರ್‌ಫಾಕ್ಸ್ ಸಹ 144ನೇ ಆವೃತ್ತಿಯ ನಂತರ ಅದನ್ನು ಕೈಬಿಟ್ಟಿದೆ. ಆದ್ದರಿಂದ 32 ಬಿಟ್ ಯಂತ್ರವನ್ನು ದಾಖಲೆ ಬರೆಯಲು, ಪತ್ರ ತಯಾರಿಸಲು, ತರಬೇತಿಯ ವೀಡಿಯೊ ತೋರಿಸಲು ಇರಿಸಿಕೊಳ್ಳಿ. ಬ್ಯಾಂಕ್ ವ್ಯವಹಾರಕ್ಕೆ ಅದನ್ನು ಬಳಸುವುದು ನಮ್ಮ ಅಭಿಪ್ರಾಯದಲ್ಲಿ ತರವಲ್ಲ. ಪಹಣಿ ನೋಡುವುದು, ಫ್ರೂಟ್ಸ್ ಜಾಲತಾಣದಲ್ಲಿ ವಿವರ ಪರಿಶೀಲಿಸುವುದು, ಮಾರುಕಟ್ಟೆ ಧಾರಣೆ ತಿಳಿಯುವುದು ಮುಂತಾದವು ಬ್ರೌಸರ್ ಮೂಲಕ ನಡೆಯುವ ಕೆಲಸಗಳಾದ್ದರಿಂದ 64 ಬಿಟ್ ಯಂತ್ರದಲ್ಲಿ ಲಿನಕ್ಸ್ ಇದ್ದರೂ ಅಡ್ಡಿಯಿಲ್ಲ.

ದಾಖಲೆಗಳನ್ನು ಹೊರತೆಗೆಯುವುದು

ಮೊದಲು ಡಿಸ್ಕಿನ ಸದ್ದನ್ನು ಕಿವಿಗೊಟ್ಟು ಕೇಳಿ. ಟಕ್, ಟಕ್ ಎಂಬ ಶಬ್ದ ಮರುಕಳಿಸುತ್ತಿದ್ದರೆ ಅಥವಾ ಸಣ್ಣ ಕಡತ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ ಡಿಸ್ಕ್ ಕೊನೆಗಾಲದಲ್ಲಿದೆ ಎಂದರ್ಥ. ಆಗ ಬೇರೇನನ್ನೂ ಮಾಡದೆ, ಅತಿ ಮುಖ್ಯವಾದ ಕಡತಗಳನ್ನು ಮೊದಲು ನಕಲಿಸಿಕೊಳ್ಳಿ. ಚಿತ್ರ, ಹಾಡು, ವೀಡಿಯೊಗಳ ಸರದಿ ಆಮೇಲೆ. ಅಂತಹ ಡಿಸ್ಕಿಗೆ ಹೊಸ ವ್ಯವಸ್ಥೆ ಹಾಕುವುದು ವ್ಯರ್ಥ, ಡಿಸ್ಕನ್ನೇ ಬದಲಾಯಿಸಬೇಕು.

ದಾಖಲೆಗಳು ಡಿ ಡ್ರೈವ್‌ನಲ್ಲಿ ಮಾತ್ರ ಇರುವುದಿಲ್ಲ. ಪರದೆಯ ಮೇಲೆ ಕಾಣುವ ಕಡತಗಳು, "ಮೈ ಡಾಕ್ಯುಮೆಂಟ್ಸ್" ಮತ್ತು "ಡೌನ್‌ಲೋಡ್ಸ್" ಕೋಶಗಳು ಸಿ ಡ್ರೈವ್‌ನ ಒಳಗಿರುತ್ತವೆ. ಒಂದೇ ಲ್ಯಾಪ್‌ಟಾಪನ್ನು ಕಾರ್ಯದರ್ಶಿಯವರೂ ಲೆಕ್ಕ ಬರೆಯುವವರೂ ಬೇರೆ ಬೇರೆ ಬಳಕೆದಾರರ ಹೆಸರಿನಲ್ಲಿ ಉಪಯೋಗಿಸಿದ್ದರೆ ಪ್ರತಿಯೊಬ್ಬರ ಕೋಶವೂ ಪ್ರತ್ಯೇಕವಾಗಿರುತ್ತದೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಅವುಗಳನ್ನು ಪುಸ್ತಕದಲ್ಲಿ ಬರೆದು ಭದ್ರವಾಗಿಡಿ.

ಕನ್ನಡದಲ್ಲಿ ದಾಖಲೆ ಇಟ್ಟವರು ಇನ್ನೊಂದು ವಿಷಯವನ್ನು ತಪ್ಪದೆ ಗಮನಿಸಬೇಕು. ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಅನೇಕ ಕಡತಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ. ಅವುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ ಕುಳಿತಿರುತ್ತವೆ. ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಕಡತವನ್ನಷ್ಟೇ ನಕಲಿಸಿ ಫಾಂಟನ್ನು ಬಿಟ್ಟರೆ, ಹೊಸ ವ್ಯವಸ್ಥೆಯಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ. ದಾಖಲೆ ಕೆಟ್ಟಿತೆಂದು ಭಾವಿಸಿ ಅಳಿಸಿದವರೂ ಇದ್ದಾರೆ. ಆದ್ದರಿಂದ ಸಿ ಡ್ರೈವ್‌ನ ವಿಂಡೋಸ್ ಕೋಶದೊಳಗಿರುವ "ಫಾಂಟ್ಸ್" ಕೋಶದಿಂದ ನುಡಿ, ಬರಹ, ಶ್ರೀಲಿಪಿಗೆ ಸೇರಿದ ಫಾಂಟ್‌ಗಳನ್ನೂ ನಕಲಿಸಿಕೊಳ್ಳಿ.

ನಕಲು ಎರಡಿರಲಿ: ಒಂದು ಪೆನ್‌ಡ್ರೈವ್ ಅಥವಾ ಹೊರ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಗಣಕಯಂತ್ರದಲ್ಲಿ. ಪೆನ್‌ಡ್ರೈವ್ ಫ್ಯಾಟ್32 ವಿನ್ಯಾಸದಲ್ಲಿದ್ದರೆ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಅದು ಸ್ವೀಕರಿಸುವುದಿಲ್ಲ. ನಕಲು ಮುಗಿದ ಮೇಲೆ ಪೆನ್‌ಡ್ರೈವನ್ನು ಬೇರೊಂದು ಗಣಕಕ್ಕೆ ಹಾಕಿ, ಹತ್ತಾರು ಕಡತಗಳನ್ನು ನಿಜವಾಗಿಯೂ ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಒಳಗಿನ ವಿಷಯ ಬಂದಿದೆ ಎಂದಾಗುವುದಿಲ್ಲ.

ವಿಂಡೋಸ್ ಆರಂಭವೇ ಆಗುತ್ತಿಲ್ಲವೆಂದರೆ ದಾಖಲೆ ಹೋಯಿತೆಂದು ತಿಳಿಯಬೇಡಿ. ಮಿಂಟ್ ಮತ್ತು ಆಂಟಿಎಕ್ಸ್ ಎರಡನ್ನೂ ಅಳವಡಿಸದೆಯೇ ಪೆನ್‌ಡ್ರೈವ್‌ನಿಂದ ನೇರವಾಗಿ ನಡೆಸಬಹುದು. ಇದಕ್ಕೆ ಲೈವ್ ವಿಧಾನ ಎನ್ನುತ್ತಾರೆ. ಹೀಗೆ ನಡೆಸಿದಾಗ ವಿಂಡೋಸ್‌ನ ಭಾಗಗಳು ಕಡತಕೋಶಗಳಂತೆ ಕಾಣಿಸುತ್ತವೆ. ಅಲ್ಲಿಂದ ಇನ್ನೊಂದು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಬಹುದು.

ಒಳಹೋಗುವ ದಾರಿ

ಲ್ಯಾಪ್‌ಟಾಪನ್ನು ಚಾಲನೆ ಮಾಡಿದ ಕೂಡಲೇ, ವಿಂಡೋಸ್‌ಗಿಂತ ಮೊದಲು, ಬಯಾಸ್ ಎಂಬ ಸಣ್ಣ ಅಂತರ್ಗತ ತಂತ್ರಾಂಶ ಎಚ್ಚರಗೊಳ್ಳುತ್ತದೆ. ಕಾರ್ಯಾಚರಣಾ ವ್ಯವಸ್ಥೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಅದರ ಪಟ್ಟಿಯಲ್ಲಿ ಹಾರ್ಡ್‌ಡಿಸ್ಕ್, ಸಿ.ಡಿ. ಡ್ರೈವ್, ಯು.ಎಸ್.ಬಿ. ಮತ್ತು ನೆಟ್‌ವರ್ಕ್ ಇವುಗಳಲ್ಲಿ ಯಾವುವು ಇವೆ ಎಂಬುದರ ಮೇಲೆ ನಿಮ್ಮ ಮುಂದಿನ ಕೆಲಸವೆಲ್ಲ ನಿಂತಿದೆ. ಡೆಲ್, ಲೆನೊವೊ, ತೋಷಿಬಾ ಲ್ಯಾಪ್‌ಟಾಪ್‌ಗಳಲ್ಲಿ ಚಾಲನೆ ಮಾಡಿದೊಡನೆ ಎಫ್12 ಕೀಲಿಯನ್ನು ಪದೇ ಪದೇ ಒತ್ತಿದರೆ ಸಾಮಾನ್ಯವಾಗಿ ಈ ಪಟ್ಟಿ ಕಾಣುತ್ತದೆ. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ನಂತರ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿಯೂ ಎಫ್12 ಇದೆ. ಆದರೆ ಕೆಲವು ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸ್ ಒಳಗೆ ಹೋಗಿ ಅದಕ್ಕೆ ಅನುಮತಿ ಕೊಡಬೇಕು. ಪೆನ್‌ಡ್ರೈವನ್ನು ಮೊದಲೇ ಸಿಕ್ಕಿಸಿ ನಂತರ ಯಂತ್ರ ಚಾಲನೆ ಮಾಡಿ. ಚಾಲನೆಯಾದ ಮೇಲೆ ಸಿಕ್ಕಿಸಿದರೆ ಹಳೆಯ ಬಯಾಸ್‌ಗೆ ಅದು ಕಾಣುವುದಿಲ್ಲ.

ಪಟ್ಟಿಯಲ್ಲಿ ಯು.ಎಸ್.ಬಿ. ಇದ್ದರೆ ಕೆಲಸ ಸಲೀಸು. 8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಂಡು, ಚೆನ್ನಾಗಿರುವ ಇನ್ನೊಂದು ಗಣಕದಲ್ಲಿ ರೂಫಸ್ ಎಂಬ ಉಚಿತ ತಂತ್ರಾಂಶದ ಮೂಲಕ ಐ.ಎಸ್.ಒ. ಕಡತವನ್ನು ಅದಕ್ಕೆ ಬರೆಯಿರಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಕಡತವನ್ನು ಪೆನ್‌ಡ್ರೈವ್‌ಗೆ ಎಳೆದು ಹಾಕಿ ಸುಮ್ಮನಾಗುವುದು. ಚೀಲ ಸಮೇತ ಬಿತ್ತನೆ ಬೀಜವನ್ನು ಹೊಲದಲ್ಲಿ ಇಟ್ಟು ಬಂದರೆ ಮೊಳಕೆ ಬರುವುದಿಲ್ಲ. ಬರೆಯುವಾಗ ಹಳೆಯ ಯಂತ್ರಗಳಿಗೆ "ಎಂ.ಬಿ.ಆರ್." ಎಂಬ ವಿನ್ಯಾಸವನ್ನು ಆರಿಸಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆ. ದಾಖಲೆಯ ನಕಲು ಇರುವ ಪೆನ್‌ಡ್ರೈವನ್ನೇ ಇದಕ್ಕೆ ಬಳಸುವ ಅವಘಡ ಆಗದಿರಲೆಂದು ಅದನ್ನು ಮೊದಲೇ ಬೀರುವಿನಲ್ಲಿಡಿ.

ಪಟ್ಟಿಯಲ್ಲಿ ಯು.ಎಸ್.ಬಿ. ಇಲ್ಲ, ಆದರೆ ಸಿ.ಡಿ. ಡ್ರೈವ್ ಕೆಲಸ ಮಾಡುತ್ತದೆ ಎಂಬುದು ಸುಮಾರು 2005ರ ಆಸುಪಾಸಿನ ಯಂತ್ರಗಳಲ್ಲಿ ಕಾಣುವ ಸ್ಥಿತಿ. ಸಿ.ಡಿ.ಯಲ್ಲಿ ಹಿಡಿಯುವುದು 700 ಎಂಬಿ ಮಾತ್ರ. ಇಂದಿನ ಪೂರ್ಣ ವ್ಯವಸ್ಥೆಗಳು ಅದರಲ್ಲಿ ಹಿಡಿಸುವುದಿಲ್ಲ. ಆ ಕಾಲದ ಹಲವು ಡ್ರೈವ್‌ಗಳು ಡಿ.ವಿ.ಡಿ. ಓದುವುದೂ ಇಲ್ಲ. ಇದಕ್ಕೊಂದು ಉಪಾಯವಿದೆ. ಪ್ಲಾಪ್ ಬೂಟ್ ಮ್ಯಾನೇಜರ್ ಎಂಬ ಅತಿ ಚಿಕ್ಕ ಉಚಿತ ತಂತ್ರಾಂಶವನ್ನು ಸಿ.ಡಿ.ಗೆ ಬರೆದುಕೊಳ್ಳಿ. ಯಂತ್ರವನ್ನು ಆ ಸಿ.ಡಿ.ಯಿಂದ ಆರಂಭಿಸಿದಾಗ ಅದೊಂದು ಪಟ್ಟಿಯನ್ನು ತೋರಿಸುತ್ತದೆ, ಅದರಲ್ಲಿ ಯು.ಎಸ್.ಬಿ. ಆರಿಸಿದರೆ ಬಯಾಸ್‌ಗೆ ಬಾರದ ಕೆಲಸವನ್ನು ಅದು ಮಾಡಿ, ಪೆನ್‌ಡ್ರೈವ್‌ನಲ್ಲಿರುವ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಬಾಗಿಲಿನ ಕೀಲಿ ಸಿ.ಡಿ.ಯಲ್ಲಿ, ಸಾಮಾನು ಪೆನ್‌ಡ್ರೈವ್‌ನಲ್ಲಿ ಎಂದು ತಿಳಿಯಬಹುದು.

ಈ ವಿಧಾನದಲ್ಲಿ ತಾಳ್ಮೆ ಬೇಕು. ತೀರ ಹಳೆಯ ಯಂತ್ರದ ಯು.ಎಸ್.ಬಿ. 1.1 ಕಿಂಡಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ಒಂದು ಎಂಬಿಯಷ್ಟು ಸಾಗುತ್ತದೆ. 600 ಎಂಬಿ ಓದಲು ಹತ್ತು ನಿಮಿಷ ಹಿಡಿಯುತ್ತದೆ. ಪರದೆ ಕಪ್ಪಾಗಿ ನಿಂತಿದೆಯೆಂದು ಗಾಬರಿಯಾಗಿ ಆರಿಸಬೇಡಿ. ಸಿ.ಡಿ.ಯನ್ನು ಕಡಿಮೆ ವೇಗದಲ್ಲಿ ಬರೆದರೆ ಸವೆದ ಡ್ರೈವ್‌ಗಳು ಅದನ್ನು ಸುಲಭವಾಗಿ ಓದುತ್ತವೆ. ಡ್ರೈವ್ ಓದಲು ತಿಣುಕುತ್ತಿದ್ದರೆ ಅದರ ಮಸೂರದ ಮೇಲಿನ ಧೂಳನ್ನು ಮೆದುವಾದ, ಒಣ ಹತ್ತಿಯಿಂದ ಹಗುರವಾಗಿ ಒರೆಸಿ ನೋಡಿ. ನಮ್ಮ ಊರುಗಳ ಧೂಳಿನಲ್ಲಿ ಸತ್ತಿತೆಂದುಕೊಂಡ ಡ್ರೈವ್ ಇಷ್ಟರಿಂದಲೇ ಬದುಕಿದ ಉದಾಹರಣೆಗಳುಂಟು.

ಸಿ.ಡಿ. ಡ್ರೈವೂ ಇಲ್ಲ, ಯು.ಎಸ್.ಬಿ.ಯಿಂದಲೂ ಆಗದು ಎಂದಾದರೆ ಉಳಿಯುವುದು ಡಿಸ್ಕನ್ನೇ ಹೊರತೆಗೆಯುವ ದಾರಿ. ಹೆಸರು ಕೇಳಿದರೆ ಭಯವಾಗುತ್ತದೆ. ಕೆಲಸ ಮಾತ್ರ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಸರಳ. ವಿದ್ಯುತ್ ತಂತಿ ಮತ್ತು ಬ್ಯಾಟರಿ ಎರಡನ್ನೂ ಬೇರ್ಪಡಿಸಿದ ನಂತರ ತಳದ ಮುಚ್ಚಳದ ಕೆಲವು ತಿರುಪುಗಳನ್ನು ಬಿಚ್ಚಿದರೆ ಎರಡೂವರೆ ಇಂಚಿನ ಡಿಸ್ಕ್ ಕೈಗೆ ಬರುತ್ತದೆ. ಅದರ ಸಂಪರ್ಕದ ತುದಿಯನ್ನು ಗಮನಿಸಿ. ಎರಡು ಸಾಲು ಸೂಜಿಯಂತಹ ಮುಳ್ಳುಗಳಿದ್ದರೆ ಅದು ಐ.ಡಿ.ಇ. ವಿಧದ್ದು; ಚಪ್ಪಟೆಯಾದ ಎರಡು ಪಟ್ಟಿಗಳಿದ್ದರೆ ಸಾಟಾ ವಿಧದ್ದು. ಅದಕ್ಕೆ ತಕ್ಕ ಯು.ಎಸ್.ಬಿ. ಪೆಟ್ಟಿಗೆಯನ್ನು ಕೊಂಡರೆ ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಬಹುದು. ದಾಖಲೆಗಳನ್ನು ನಕಲಿಸಲು ಕೂಡ ಇದು ಅತ್ಯುತ್ತಮ ವಿಧಾನ.

ಆ ಎರಡನೆಯ ಗಣಕವನ್ನು ಪೆನ್‌ಡ್ರೈವ್‌ನಿಂದ ಆರಂಭಿಸಿ, ಯು.ಎಸ್.ಬಿ. ಪೆಟ್ಟಿಗೆಯಲ್ಲಿರುವ ಡಿಸ್ಕಿಗೆ ವ್ಯವಸ್ಥೆಯನ್ನು ಅಳವಡಿಸಿ, ನಂತರ ಡಿಸ್ಕನ್ನು ಮರಳಿ ಹಳೆಯ ಲ್ಯಾಪ್‌ಟಾಪಿನಲ್ಲಿ ಕೂರಿಸಬಹುದು. ಲಿನಕ್ಸ್ ಪ್ರತಿ ಬಾರಿ ಆರಂಭವಾಗುವಾಗ ಯಂತ್ರದ ಭಾಗಗಳನ್ನು ತಾನೇ ಗುರುತಿಸಿಕೊಳ್ಳುವುದರಿಂದ ಇದು ಸಾಧ್ಯ. ಆದರೆ ಇಲ್ಲಿ ದೊಡ್ಡ ಅಪಾಯವೊಂದಿದೆ: ಗಮನವಿಲ್ಲದೆ ಒತ್ತಿದರೆ ಸಹಾಯಕ್ಕೆಂದು ತಂದ ಗಣಕದ ಡಿಸ್ಕೇ ಅಳಿಸಿಹೋಗುತ್ತದೆ. ಸಾಧ್ಯವಿದ್ದರೆ ಆ ಗಣಕದ ಸ್ವಂತ ಡಿಸ್ಕಿನ ಸಂಪರ್ಕವನ್ನು ತಪ್ಪಿಸಿಯೇ ಕೆಲಸ ಆರಂಭಿಸಿ. ಹಾಗೆ ಮಾಡಲಾಗದಿದ್ದರೆ 40 ಜಿಬಿ, 500 ಜಿಬಿ ಎಂದು ಗಾತ್ರ ನೋಡಿ ಗುರುತಿಸಿ, ಇಬ್ಬರು ಓದಿ ಖಚಿತಪಡಿಸಿಕೊಂಡ ಮೇಲೆ ಮುಂದುವರಿಯಿರಿ. ವ್ಯವಸ್ಥೆಯನ್ನು ಎಬ್ಬಿಸುವ ಗ್ರಬ್ ಎಂಬ ಭಾಗವನ್ನೂ ಅದೇ ಯು.ಎಸ್.ಬಿ. ಡಿಸ್ಕಿಗೆ ಹಾಕಬೇಕು. ಎರಡನೆಯ ಗಣಕವನ್ನು ಹಳೆಯ ಮಾದರಿಯ ಬಯಾಸ್ ವಿಧಾನದಲ್ಲಿ, ಅಂದರೆ ಲೆಗಸಿ ವಿಧಾನದಲ್ಲಿ ಆರಂಭಿಸಿರಬೇಕು, ಹೊಸ ಯು.ಇ.ಎಫ್.ಐ. ವಿಧಾನದಲ್ಲಿ ಅಳವಡಿಸಿದರೆ ಹಳೆಯ ಲ್ಯಾಪ್‌ಟಾಪ್ ಅದನ್ನು ಗುರುತಿಸಲಾರದು. ನೆಟ್‌ವರ್ಕ್ ಮೂಲಕ ಅಳವಡಿಸುವ ವಿಧಾನವೂ ಇದೆಯಾದರೂ ಒಂದು ಯಂತ್ರಕ್ಕಾಗಿ ಅಷ್ಟು ಸಿದ್ಧತೆ ಮಾಡುವ ಅಗತ್ಯವಿಲ್ಲ.

ಅಳವಡಿಕೆ

ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಸಾಮಾನ್ಯವಾಗಿ ನಿಷ್ಕ್ರಿಯವಾಗಿರುತ್ತದೆ; ವಿದ್ಯುತ್ ಹೋದ ಕ್ಷಣವೇ ಯಂತ್ರ ಆರುತ್ತದೆ. ಆದ್ದರಿಂದ ನಿಮ್ಮ ಊರಿನಲ್ಲಿ ವಿದ್ಯುತ್ ಪೂರೈಕೆ ಸ್ಥಿರವಾಗಿರುವ ಸಮಯವನ್ನು ಆಯ್ದುಕೊಳ್ಳಿ, ಇಲ್ಲವೇ ಯು.ಪಿ.ಎಸ್. ಇರುವಲ್ಲಿ ಮಾಡಿ. ಖಾಲಿ ಡಿಸ್ಕಿಗೆ ಅಳವಡಿಸುವಾಗ ವಿದ್ಯುತ್ ಹೋದರೆ ಮೊದಲಿನಿಂದ ಆರಂಭಿಸಿದರಾಯಿತು. ವಿಂಡೋಸ್ ಭಾಗವನ್ನು ಕುಗ್ಗಿಸಿ ಪಕ್ಕದಲ್ಲಿ ಜಾಗ ಮಾಡುವಾಗ ಹೋದರೆ ಮಾತ್ರ ಆ ಭಾಗದ ದಾಖಲೆಗಳೆಲ್ಲ ನಾಶವಾಗಬಹುದು.

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಒಂದೇ ಡಿಸ್ಕಿನಲ್ಲಿ ಇರಿಸಿಕೊಳ್ಳುವ ಆಸೆ ಹಲವರಿಗಿರುತ್ತದೆ. 320 ಜಿಬಿ ಅಥವಾ ಅದಕ್ಕಿಂತ ದೊಡ್ಡ ಡಿಸ್ಕ್ ಇದ್ದರೆ ಇದು ಸಾಧ್ಯ. 40 ಅಥವಾ 80 ಜಿಬಿಯ ಡಿಸ್ಕಿನಲ್ಲಿ ಇದನ್ನು ನಾವು ಶಿಫಾರಸು ಮಾಡುವುದಿಲ್ಲ. ಎರಡಕ್ಕೂ ಇಕ್ಕಟ್ಟಾಗಿ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ದಾಖಲೆಗಳ ನಕಲು ಭದ್ರವಾಗಿದ್ದರೆ ಇಡೀ ಡಿಸ್ಕನ್ನು ಅಳಿಸಿ ಅಳವಡಿಸುವುದೇ ಸ್ವಚ್ಛವಾದ ವಿಧಾನ.

ಡಿ ಭಾಗವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದಿದ್ದರೆ ಅಳವಡಿಕೆಯ ಸಮಯದಲ್ಲಿ ಭಾಗಗಳನ್ನು ಕೈಯಿಂದ ಆರಿಸುವ ಆಯ್ಕೆಯನ್ನು ತೆಗೆದುಕೊಳ್ಳಿ. ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಹೆಸರುಗಳು ಕಾಣುವುದಿಲ್ಲ. ಡಿಸ್ಕಿಗೆ "ಎಸ್‌ಡಿಎ", ಅದರ ಭಾಗಗಳಿಗೆ "ಎಸ್‌ಡಿಎ1", "ಎಸ್‌ಡಿಎ2" ಎಂಬಂತೆ ಹೆಸರಿರುತ್ತದೆ. ಆದ್ದರಿಂದ ವಿಂಡೋಸ್‌ನಲ್ಲಿರುವಾಗಲೇ ಸಿ ಎಷ್ಟು ಜಿಬಿ, ಡಿ ಎಷ್ಟು ಜಿಬಿ ಎಂದು ಕಾಗದದಲ್ಲಿ ಬರೆದುಕೊಳ್ಳಿ, ಗಾತ್ರವೇ ಗುರುತು. ಸಿ ಇದ್ದ ಭಾಗವನ್ನು ಮಾತ್ರ "ಎಕ್ಸ್ಟ್4" ವಿನ್ಯಾಸಕ್ಕೆ ಬದಲಿಸಿ ಅಲ್ಲಿ ಅಳವಡಿಸಿ, ಡಿ ಇದ್ದ ಭಾಗದ ಮುಂದೆ ಅಳಿಸುವ ಗುರುತು ಇಲ್ಲದಿರುವುದನ್ನು ನೋಡಿಕೊಳ್ಳಿ. 1 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ 2 ಜಿಬಿಯಷ್ಟು "ಸ್ವಾಪ್" ಜಾಗ ಕೊಟ್ಟರೆ ರ‍್ಯಾಮ್ ತುಂಬಿದಾಗ ಯಂತ್ರ ಥಟ್ಟನೆ ಸ್ಥಗಿತಗೊಳ್ಳುವುದು ತಪ್ಪುತ್ತದೆ. ವಿಂಡೋಸ್ 8 ಅಥವಾ 10 ಇದ್ದ ಯಂತ್ರದಲ್ಲಿ ಕೊನೆಯ ಬಾರಿ "ಶಟ್ ಡೌನ್" ಬದಲು "ರೀಸ್ಟಾರ್ಟ್" ಒತ್ತಿ, ಅಲ್ಲಿಂದಲೇ ಪೆನ್‌ಡ್ರೈವ್‌ಗೆ ಹೋಗಿ. ಇಲ್ಲದಿದ್ದರೆ ಆ ವಿಂಡೋಸ್ ಅರೆನಿದ್ರೆಯಲ್ಲಿ ಉಳಿದು ಅದರ ಭಾಗಗಳು ಲಿನಕ್ಸ್‌ಗೆ ಬರೆಯಲು ಸಿಗುವುದಿಲ್ಲ.

ಅಳವಡಿಸುವ ಮೊದಲು ಲೈವ್ ವಿಧಾನದಲ್ಲಿ ಅರ್ಧ ಗಂಟೆ ಯಂತ್ರ ನಡೆಸಿ ನೋಡುವುದು ಒಳ್ಳೆಯದು. ವೈ-ಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಗುರುತಿಸುತ್ತದೆಯೇ ಎಂಬುದು ಆಗಲೇ ತಿಳಿಯುತ್ತದೆ. ಕಚೇರಿಗಳಲ್ಲಿ ಸಾಮಾನ್ಯವಾಗಿರುವ ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ತೊಂದರೆ ಕೊಡುತ್ತವೆ. ವೈ-ಫೈ ಸಿಗದಿದ್ದರೆ ಮೊಬೈಲನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ "ಯು.ಎಸ್.ಬಿ. ಟೆದರಿಂಗ್" ಆನ್ ಮಾಡಿ, ಬಹುತೇಕ ಯಂತ್ರಗಳಲ್ಲಿ ಇದು ತಕ್ಷಣ ಕೆಲಸ ಮಾಡುತ್ತದೆ.

ಅಳವಡಿಕೆಯ ನಂತರ

ಹೊಸ ವ್ಯವಸ್ಥೆ ಚೆನ್ನಾಗಿದ್ದರೂ ಯಾವ ಜಾಲತಾಣವೂ ತೆರೆಯದೆ "ಸಂಪರ್ಕ ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಬಂದರೆ ಮೊದಲು ದಿನಾಂಕ ನೋಡಿ. ಹಳೆಯ ಯಂತ್ರದೊಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದ್ದರೆ ಪ್ರತಿ ಸಲವೂ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಪ್ರಮಾಣಪತ್ರಗಳಿಗೆ ಅವಧಿ ಇರುವುದರಿಂದ ತಪ್ಪು ದಿನಾಂಕವಿರುವ ಯಂತ್ರ ಅವುಗಳನ್ನು ನಂಬುವುದಿಲ್ಲ. ದಿನಾಂಕ ಸರಿಪಡಿಸಿದರೆ ಸಾಕು. ಬ್ಯಾಟರಿ ಸಾಮಾನ್ಯವಾಗಿ ಸಿ.ಆರ್.2032 ಸಂಖ್ಯೆಯದ್ದಾಗಿದ್ದು, ಗಡಿಯಾರದ ಅಂಗಡಿಗಳಲ್ಲಿ ದೊರೆಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ತಂತಿ ಜೋಡಿಸಿರುತ್ತಾರೆ, ಅಂಥದ್ದೇ ಬೇಕಾಗುತ್ತದೆ.

ಕನ್ನಡ ಬರೆಯಲು ಐಬಸ್ ಮತ್ತು ಅದರ ಎಂ17ಎನ್ ಎಂಬ ಪೂರಕ ಭಾಗವನ್ನು ಅಳವಡಿಸಿಕೊಳ್ಳಿ. ಅದರಲ್ಲಿ ಕೆ.ಜಿ.ಪಿ. ವಿನ್ಯಾಸ ದೊರೆಯುತ್ತದೆ, ನುಡಿಯಲ್ಲಿ ಬೆರಳಚ್ಚು ಮಾಡಿ ರೂಢಿಯಾದವರಿಗೆ ಇದು ಕಷ್ಟವಾಗುವುದಿಲ್ಲ. ಅಕ್ಷರಗಳು ಚೌಕಗಳಂತೆ ಕಂಡರೆ ಲೋಹಿತ್ ಕನ್ನಡ ಅಥವಾ ಗುಬ್ಬಿ ಫಾಂಟನ್ನು ಸೇರಿಸಿ. ಹಿಂದೆ ನಕಲಿಸಿಟ್ಟ ನುಡಿ, ಬರಹ ಫಾಂಟ್‌ಗಳನ್ನು ನಿಮ್ಮ ಹೋಮ್ ಕೋಶದೊಳಗೆ, ಹೆಸರಿನ ಮೊದಲಿಗೆ ಚುಕ್ಕೆಯುಳ್ಳ "ಫಾಂಟ್ಸ್" ಎಂಬ ಕೋಶ ಮಾಡಿ ಹಾಕಿದರೆ ಹಳೆಯ ಕಡತಗಳು ಲಿಬ್ರೆಆಫೀಸ್‌ನಲ್ಲಿ ಮೊದಲಿನಂತೆ ಕನ್ನಡದಲ್ಲಿ ತೆರೆದುಕೊಳ್ಳುತ್ತವೆ. ಬಿಡುವಾದಾಗ ಅವುಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಂಡರೆ ಮೊಬೈಲಿನಲ್ಲಿಯೂ ಓದಬಹುದು. ಪರಿವರ್ತನೆಯ ನಂತರ ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದೊಂದಿಗೆ ಹೋಲಿಸಿ ನೋಡುವುದು ಕಡ್ಡಾಯ. ಮಳೆಯ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಆ ವರ್ಷದ ದಾಖಲೆ ಉಪಯೋಗಕ್ಕೆ ಬರುವುದಿಲ್ಲ.

ದಾಖಲೆಗಳನ್ನು ಮರಳಿ ಯಂತ್ರಕ್ಕೆ ಹಾಕಿದ ಕೂಡಲೇ ನಕಲನ್ನು ಅಳಿಸಬೇಡಿ. ಸಂಘದ ಒಂದು ತಿಂಗಳ ಲೆಕ್ಕ ಪೂರ್ಣವಾಗಿ ಹೊಸ ವ್ಯವಸ್ಥೆಯಲ್ಲಿ ನಡೆದು, ಬೇಕಾದ ಕಡತಗಳೆಲ್ಲ ಸಿಕ್ಕಿವೆ ಎಂದು ಖಾತ್ರಿಯಾಗುವವರೆಗೆ ಎರಡೂ ನಕಲುಗಳು ಹಾಗೆಯೇ ಇರಲಿ. ಯಂತ್ರ ಸಾಟಾ ವಿಧದ್ದಾಗಿದ್ದರೆ ಮುಂದೆ ಹಣ ಒದಗಿದಾಗ ಸಣ್ಣ ಎಸ್.ಎಸ್.ಡಿ. ಹಾಕಿಸಿ. ಹಳೆಯ ಲ್ಯಾಪ್‌ಟಾಪಿನ ವೇಗಕ್ಕೆ ಅಷ್ಟು ನೆರವಾಗುವ ಇನ್ನೊಂದು ಖರ್ಚು ಇಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ

ಹೋಬಳಿ ಮಟ್ಟದಲ್ಲಿ ಕೆಲಸ ಮಾಡುವವರು ಒಂದು ಸಣ್ಣ ಚೀಲವನ್ನು ಸಿದ್ಧವಿಟ್ಟುಕೊಂಡರೆ ಬಹಳ ಸಂಘಗಳಿಗೆ ನೆರವಾಗಬಹುದು: ಆಂಟಿಎಕ್ಸ್ ಬರೆದ ಒಂದು ಪೆನ್‌ಡ್ರೈವ್, ಮಿಂಟ್ ಬರೆದ ಇನ್ನೊಂದು, ಪ್ಲಾಪ್ ಇರುವ ಒಂದು ಸಿ.ಡಿ., ಐ.ಡಿ.ಇ. ಮತ್ತು ಸಾಟಾ ಎರಡಕ್ಕೂ ಹೊಂದುವ ಒಂದು ಯು.ಎಸ್.ಬಿ. ಸಂಪರ್ಕ ಸಾಧನ, ಸಣ್ಣ ತಿರುಪುಳಿ, ಮತ್ತು ನಕಲಿಗೆಂದೇ ಮೀಸಲಾದ ಒಂದು ಖಾಲಿ ಹೊರ ಡಿಸ್ಕ್. ಪೆನ್‌ಡ್ರೈವ್‌ಗಳ ಮೇಲೆ ಹೆಸರಿನ ಚೀಟಿ ಅಂಟಿಸಿ. ಸಂಘಕ್ಕೆ ಹೋದಾಗ "ದಾಖಲೆ ಯಾವ ಡ್ರೈವ್‌ನಲ್ಲಿದೆ?" ಎಂದು ಕೇಳುವ ಬದಲು, ಕಾರ್ಯದರ್ಶಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ದಿನವೂ ತೆರೆಯುವ ಕಡತಗಳನ್ನು ಅವರಿಂದಲೇ ತೆರೆಸಿ, ಅವು ಎಲ್ಲಿವೆ ಎಂಬುದನ್ನು ಬರೆದುಕೊಳ್ಳಿ. ಹೊರ ಡಿಸ್ಕಿನಲ್ಲಿ ಅದೇ ಕಡತಗಳನ್ನು ಅವರೇ ತೆರೆದು ನೋಡಿ ಸರಿಯಿದೆ ಎಂದ ನಂತರ ಅಳವಡಿಕೆಗೆ ತೊಡಗಿರಿ.